ಮೊಮ್ಮಗಳಿಗೆ ನಾನು ತೊಡಿಸದ ಹೈಹೀಲ್ಸು

ಮಗಳು ಮೆಕ್ಸಿಕೋ ಮೂಲದ ಹುಡುಗನನ್ನು ಮದುವೆಯಾದಾಗ ನಾನು ಬಹಳ ಕಾಲ ಮಾತು ಬಿಟ್ಟಿದ್ದೆ. ಮೊಮ್ಮಗಳು ಹುಟ್ಟಿದ ಮೇಲೆ ಕ್ಯಾಲಿಫೋರ್ನಿಯಾದ ಹೇವರ್ಡಿಗೆ ಬಂದು ಅವರ ಜೊತೆಯಲ್ಲೇ ಉಳಿದೆ. ಅವಳು ಇನ್ನೂ ಚಿಕ್ಕವಳಿರುವಾಗಲೇ ಅಳಿಯ ಕಾಯಿಲೆಯಿಂದ ತೀರಿಕೊಂಡ. ಭಾನುವಾರ ಅವಳು ಅಪ್ಪನ ತಾಯಿಯ ಮನೆಗೆ ಹೋದರೆ, ಅಲ್ಲಿನ ಮಕ್ಕಳು ಅವಳ ಸ್ಪ್ಯಾನಿಷ್ ಕೇಳಿ ನಗುತ್ತಿದ್ದರು. ನಮ್ಮ ಕನ್ನಡದವರ ಮನೆಗಳಲ್ಲಿ, ನೀನು ನಿಜವಾಗಿ ಎಲ್ಲಿಯವಳು ಎಂದು ಕೇಳುತ್ತಿದ್ದರು. ಎಲ್ಲಿಗೆ ಹೋಗಿ ಬಂದರೂ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಅಳಿಯನ ಕಡೆಯವರಲ್ಲಿ ಹುಡುಗಿಗೆ ಹದಿನೈದು ತುಂಬಿದರೆ ದೊಡ್ಡ ಸಮಾರಂಭ. ಎಲ್ಲರೆದುರು ಅಪ್ಪ ಮಂಡಿಯೂರಿ ಮಗಳ ಶೂ ಬಿಚ್ಚಿ, ಮೊದಲ ಹೈಹೀಲ್ಸು ತೊಡಿಸುತ್ತಾನೆ. ಮಗು ದೊಡ್ಡವಳಾದಳು ಎಂದು ಅರ್ಥ. ಮೊಮ್ಮಗಳು ಅಡುಗೆಮನೆಗೆ ಬಂದು ಕೇಳಿದಳು, "ತಾತ, ಡ್ಯಾಡಿ ಬದಲು ನೀವು ಮಾಡ್ತೀರಾ?" ಅವಳು ಕನ್ನಡದಲ್ಲಿ ಏನಾದರೂ ಕೇಳುವುದೇ ಅಪರೂಪ. ಆಗಲಿ ಎಂದೆ.

ಸಮಾರಂಭಕ್ಕೆ ಮಗಳು ಪಕ್ಕದೂರು ಸ್ಯಾನ್ ರಮೋನಿನ ನಮ್ಮ ಕನ್ನಡದ ಪರಿಚಯದವರನ್ನೂ ಕರೆದಿದ್ದಳು. ಎಲ್ಲರೂ ಎಂಜಿನಿಯರುಗಳು, ಡಾಕ್ಟರುಗಳು. ನಾನು ಎಸ್ಸೆಸ್ಸೆಲ್ಸಿ ಓದಿ, ಇಲ್ಲಿ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟಿದವನು. ಅವರ ನಡುವೆ ಕೂತಾಗ ಒಂದಿಷ್ಟು ಬಿಗಿಯಾಗಿಯೇ ಕೂರುತ್ತಿದ್ದೆ. ಮುಂದಿನ ಕಾರ್ಯಕ್ರಮವೇನೆಂದು ಪಕ್ಕದಲ್ಲಿದ್ದ ಮೈಸೂರಿನವರು ಕೇಳಿದರು. ಹೇಳಿದೆ.

"ಏನ್ ಸ್ವಾಮಿ, ಮೊಮ್ಮಗಳಿಗೆ ಪಾದಪೂಜೆನಾ? ಚೆನ್ನಾಗಿದೆ ಬಿಡಿ," ಎಂದು ನಕ್ಕರು. ಮೇಜಿನ ಸುತ್ತ ಕೂತವರೂ ನಕ್ಕರು.

ಅಷ್ಟರಲ್ಲಿ ನನ್ನನ್ನು ಕರೆದರು. ಮೊಮ್ಮಗಳು ನೀಲಿ ಗೌನಿನ ಅಂಚನ್ನು ತುಸು ಎತ್ತಿ, ಕಾಲು ಮುಂದೆ ಚಾಚಿ ಕುರ್ಚಿಯಲ್ಲಿ ಕೂತಿದ್ದಳು. ನನ್ನ ಮಂಡಿಗೆ ಯಾವ ನೋವೂ ಇರಲಿಲ್ಲ. ಆದರೂ ಹೈಹೀಲ್ಸನ್ನು ಅವಳ ಕಾಲ ಬಳಿ ಇಟ್ಟು, "ನೀನೇ ಹಾಕ್ಕೋ ಪುಟ್ಟಿ," ಎಂದು ಹೇಳಿ ವಾಪಸು ಬಂದುಬಿಟ್ಟೆ. ಆ ಹೊತ್ತಿಗೆಂದು ಹಾಕಿದ್ದ ಹಾಡು ಮುಂದುವರಿಯುತ್ತಲೇ ಇತ್ತು. ಕೊನೆಗೆ ಅಳಿಯನ ತಾಯಿ ಕುರ್ಚಿ ಹಿಡಿದುಕೊಂಡು, ಕಷ್ಟಪಟ್ಟು ಮಂಡಿಯೂರಿ ತೊಡಿಸಿದರು.

ಆಮೇಲೆ ಮೊಮ್ಮಗಳು ನನ್ನ ಹತ್ತಿರ ಬಂದಳು. "ಯಾಕೆ ತಾತ? ಯೆಸ್ ಅಂದಿದ್ರಲ್ಲ."

"ದೊಡ್ಡೋರು ಚಿಕ್ಕೋರ ಕಾಲು ಮುಟ್ಟಿದ್ರೆ ಚಿಕ್ಕೋರ ಆಯಸ್ಸು ಕಡಿಮೆ ಆಗುತ್ತಮ್ಮ. ನಿಂಗೇನೂ ಆಗಬಾರ್ದು ಅಂತ."

ಅಂಥ ನಂಬಿಕೆ ನಮ್ಮಲ್ಲಿ ಇರುವುದು ನಿಜ. ಆದರೆ ಅವಳು ಕೇಳುವವರೆಗೆ ಅದು ನನ್ನ ನೆನಪಿಗೇ ಬಂದಿರಲಿಲ್ಲ. ಅಪ್ಪನನ್ನು ಕಳೆದುಕೊಂಡ ಹುಡುಗಿ, ಕಣ್ಣು ತುಂಬಿಕೊಂಡಳು. ನೇರ ಆ ಅಜ್ಜಿಯ ಮೇಜಿಗೆ ಹೋಗಿ, ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದವರಿಗೆಲ್ಲ ತನ್ನ ಹರಕುಮುರುಕು ಸ್ಪ್ಯಾನಿಷಿನಲ್ಲಿ ಅದನ್ನು ಬಿಡಿಸಿ ಹೇಳಿದಳು. ಆ ಸಲ ಯಾರೂ ನಗಲಿಲ್ಲ. ಅಜ್ಜಿ ಎದ್ದು ಬಂದು ನನ್ನ ಕೈಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದಳು ಮೊಮ್ಮಗಳು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಈಗ ಅವಳು ಕಾಲೇಜಿನಲ್ಲಿದ್ದಾಳೆ. ಕಳೆದ ವಾರ ಗೆಳತಿಯನ್ನು ಮನೆಗೆ ಕರೆತಂದಾಗ ಇದನ್ನೇ ಹೆಮ್ಮೆಯಿಂದ ಹೇಳಿದಳು. ಎರಡೂ ಮನೆಗಳು ನನ್ನವು ಅಂತ ಮೊದಲ ಸಲ ಅನ್ನಿಸಿದ್ದು ಅವತ್ತೇ ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಲ್ವಾ ತಾತ?" ಎಂದಳು.

ಹೌದು ಎಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಇಲ್ಲಿ ಬರೆದ ನಿಜವನ್ನು ನಾನೇ ಬಾಯಿ ಬಿಟ್ಟು ಹೇಳಬೇಕು. ಇನ್ನೂ ಹೇಳಿಲ್ಲ.