ಬಾರದವಳ ಪಾಲಿನ ಹೊಸ ಅಕ್ಕಿ

ನನ್ನ ಗಂಡನ ಎರಡೂ ಕಿಡ್ನಿ ಹೋಗಿದ್ದವು. ಕಾರ್ಕಳದಿಂದ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗುವುದು, ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗುವುದು. ಅದರಿಂದ ಗುಣವಾದವರನ್ನು ನಾನು ಕಂಡಿಲ್ಲ. ಸಾವು ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ. ಒಂದು ಮಂಚ ಖಾಲಿಯಾದರೆ ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಹೊರಗಿನ ಬೆಂಚಿನಲ್ಲಿ ನಾನು ಜಪಸರ ಹಿಡಿದು ಕೂರುತ್ತಿದ್ದೆ. ಭಕ್ತಿ ಹೆಚ್ಚಾಗಿ ಅಲ್ಲ, ಕೈಗೆ ಬೇರೆ ಕೆಲಸ ಇರಲಿಲ್ಲ.

ಆ ವರ್ಷ ಮೊಂತಿ ಹಬ್ಬದ ದಿನವೇ ಡಯಾಲಿಸಿಸ್ ಬಂತು. ಮರಿಯಮ್ಮನ ಹುಟ್ಟಿದ ಹಬ್ಬ ಅದು. ಇಗರ್ಜಿಯಲ್ಲಿ ಪಾದ್ರಿಗಳು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಕಾಳು ಸುಲಿದು ಹಾಲಿಗೆ ಹಾಕಿ, ಮನೆಯ ಹಿರಿಯರು ತಮ್ಮ ಕೈಯಿಂದಲೇ ಎಲ್ಲರಿಗೂ ಕೊಡಬೇಕು. ಊರಲ್ಲಿ ಇಲ್ಲದವರ ಪಾಲನ್ನು ತೆಗೆದಿಡಬೇಕು. ಗಲ್ಫಿಗೆ ಲಕೋಟೆಯಲ್ಲಿ ಕಳಿಸುವುದೂ ಉಂಟು.

ಬೆಳಿಗ್ಗೆ ನಾನೊಬ್ಬಳೇ ಹೋಗಿ ತೆನೆ ತಂದೆ.

"ನನಗೆ ಎಂತ ಹಬ್ಬ?" ಎಂದರು ಗಂಡ. "ಇವತ್ತೇ ಕೊನೆ. ಇನ್ನು ನಾನು ಆ ಬಸ್ಸು ಹತ್ತುವುದಿಲ್ಲ."

ನಿಲ್ಲಿಸಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನಾನು ತೆನೆಯನ್ನೂ ಹಾಲಿನ ಫ್ಲಾಸ್ಕನ್ನೂ ಚೀಲಕ್ಕೆ ಹಾಕಿದೆ.

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕಾಳು ಸುಲಿದೆ. ಡಯಾಲಿಸಿಸ್ ಸರದಿಗೆ ಕಾದು ಕೂತವರ ಮುಖವೆಲ್ಲ ಬೂದಿ ಬಣ್ಣ. ಮಡಿಲಲ್ಲಿದ್ದ ತೆನೆಗೆ ಮಾತ್ರ ಜೀವವಿತ್ತು, ಎಲ್ಲರೂ ಅದನ್ನೇ ನೋಡುತ್ತಿದ್ದರು.

"ಬಾಯಮ್ಮ, ನಮ್ಮ ಮನೆಯಲ್ಲೂ ತೆನೆ ಕಟ್ಟುತ್ತೇವೆ. ನನಗೆ ಇಲ್ವಾ?" ಎಂದರು ಅವರಲ್ಲೊಬ್ಬರು, ಹೆಜಮಾಡಿಯ ಮೀನುಗಾರರು.

"ನಿಮಗೆ ಹಾಲು ಕುಡಿಸಿ ನರ್ಸ್ ಸಿಸ್ಟರ ಬೈಗುಳ ನಾನು ತಿನ್ನಬೇಕಾ?"

"ಒಂದು ಚಮಚಕ್ಕೆ ಸಾಯುವುದಿಲ್ಲ ಮಾರಾಯ್ತಿ. ಸತ್ತರೂ ಹೊಸ ಅಕ್ಕಿ ತಿಂದು ಸತ್ತ ಹಾಗಾಯ್ತಲ್ವಾ."

ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ನಕ್ಕುಬಿಟ್ಟರು. ಒಂದೇ ಚಮಚ, ಅದನ್ನೂ ದಿನಕ್ಕೆ ಕುಡಿಯಬಹುದಾದ ನೀರಿನ ಲೆಕ್ಕಕ್ಕೆ ಹಿಡಿಯಬೇಕು ಎಂದರು.

"ಪೊರ್ಬುಗಳೇ, ಇಲ್ಲಿ ಹಿರಿಯರು ನೀವೇ. ಕೊಡಿ," ಎಂದು ನನ್ನ ಗಂಡನ ಕಡೆ ತಿರುಗಿದರು ಮೀನುಗಾರರು.

ನನ್ನ ಗಂಡ ಗೊಣಗುತ್ತಲೇ ಎದ್ದರು. ಶಿಲುಬೆಯ ಗುರುತು ಮಾಡಿ, ಒಬ್ಬೊಬ್ಬರ ಬಾಯಿಗೂ ಚಮಚ ಹಿಡಿದರು. ಬೆಂಚಿನ ತುದಿಗೆ ಬಂದು ನಿಂತುಬಿಟ್ಟರು.

"ಕಾಪುವಿನ ಹುಡುಗಿ ಎಲ್ಲಿ?"

ಮದುವೆಯಾಗಿ ಹೆಚ್ಚು ದಿನವಾಗದ ಹುಡುಗಿ, ಡಯಾಲಿಸಿಸ್‌ಗೆ ಬಂದಾಗೆಲ್ಲ ಅಲ್ಲೇ ಕೂರುತ್ತಿದ್ದಳು. ಆ ಜಾಗ ಖಾಲಿಯಿತ್ತು.

"ಅವಳ ಪಾಲು ತೆಗೆದಿಡು," ಎಂದರು ನನಗೆ.

"ತೆಗೆದಿಟ್ಟು? ಯಾರು ಕೊಡುವುದು? ನೀವು ಇನ್ನು ಬರುವುದಿಲ್ಲವಲ್ಲ."

ನನ್ನನ್ನು ದುರುಗುಟ್ಟಿ ನೋಡಿದರು. "ಹಿರಿಯ ನಾನು. ನಾನೇ ಕೊಡಬೇಕಲ್ಲ."

ಮುಂದಿನ ಸಲ ಅಂಗಿಯ ಜೇಬಿನಲ್ಲಿ ಕಾಳಿನ ಪೊಟ್ಟಣ ಇಟ್ಟುಕೊಂಡು ನನಗಿಂತ ಮುಂಚೆ ಬಸ್ಸು ಹತ್ತಿದರು. ಹುಡುಗಿ ಇರಲಿಲ್ಲ. ಹಬ್ಬದ ಬೆಳಿಗ್ಗೆಯೇ ತೀರಿಹೋದಳಂತೆ. ಅವಳ ಜಾಗದಲ್ಲಿ ಉಡುಪಿಯ ಒಬ್ಬ ಹೆಂಗಸು, ಅಂದೇ ಮೊದಲ ಸಲ ಬಂದವಳು, ಸೆರಗು ಬಾಯಿಗಿಟ್ಟು ಅಳುತ್ತಿದ್ದಳು.

ದೇವರು ಆ ಹುಡುಗಿಯನ್ನು ಯಾಕೆ ಉಳಿಸಲಿಲ್ಲ? ನನಗೆ ತಿಳಿಯದು. ಪಾದ್ರಿಗಳಿಗೂ ತಿಳಿದಿರಲಿಕ್ಕಿಲ್ಲ. ಅಂದು ಜಪಸರ ಚೀಲದಿಂದ ಹೊರಗೆ ಬರಲಿಲ್ಲ.

ಗಂಡ ಪೊಟ್ಟಣ ತೆಗೆದರು, ಆ ಹೆಂಗಸನ್ನು ನೋಡಿದರು, ಮತ್ತೆ ಜೇಬಿಗಿಟ್ಟರು.

"ಇವತ್ತು ಇವಳ ಗಂಟಲಲ್ಲಿ ಇಳಿಯುವುದಿಲ್ಲ. ಬರುವ ಸಲ ಕೊಡುತ್ತೇನೆ, ಹಾಲು ತಾ," ಎಂದು ಒಳಗೆ ಹೋಗಿ ಸೂಜಿಗೆ ಕೈ ಚಾಚಿದರು.