ಅಜ್ಜಿ ತೆಲುಗಿನಲ್ಲಿ ಹೇಳಿದ್ದು

ಚಿಂತಾಮಣಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್. ಹೆಸರಿಗೆ ಟೈಪಿಂಗ್, ಅರ್ಧ ಕೆಲಸ ತೆಲುಗನ್ನು ಕನ್ನಡ ಮಾಡುವುದು. ನಮ್ಮ ವಕೀಲರು ಮೈಸೂರು ಕಡೆಯವರು. ಗಡಿ ಹಳ್ಳಿಯವರು ಬಾಯಿ ತೆರೆದರೆ ಸಾಕು, ನನ್ನ ಮುಖ ನೋಡುತ್ತಾರೆ.

ಕೆಂಚಾರ್ಲಹಳ್ಳಿ ಕಡೆಯ ಆ ಅಜ್ಜಿಯನ್ನು ಅವಳ ಇಬ್ಬರು ಗಂಡುಮಕ್ಕಳು ಕರೆತಂದಿದ್ದರು. ಹಿಪ್ಪುನೇರಳೆ ತೋಟದಲ್ಲಿ ಪಾಲು ಬೇಕೆಂದು ಮಗಳು ತಾಯಿ ಮತ್ತು ಅಣ್ಣಂದಿರ ಮೇಲೆ ದಾವೆ ಹಾಕಿದ್ದಳು. ಗಂಡುಮಕ್ಕಳು ಟೀ ಕುಡಿಯಲು ಹೊರಗೆ ಹೋದದ್ದೇ ತಡ, ಅಜ್ಜಿ ತೆಲುಗಿನಲ್ಲಿ ಒಂದೇ ಸಮನೆ ಹೇಳಿಕೊಂಡು ಅತ್ತಳು. ನಾನು ಅಷ್ಟನ್ನೂ ವಕೀಲರಿಗೆ ಒಪ್ಪಿಸಿದೆ. ಏನು ಹೇಳಿದಳೆಂದು ಇಲ್ಲಿಯೂ ಬರೆಯುವ ಹಾಗಿಲ್ಲ. ಆದರೆ ಮದುವೆಯಲ್ಲಿ ಹಾಕಿದ ಚಿನ್ನವೇ ಮಗಳ ಪಾಲು ಎಂದು ದಾವೆಗೆ ಕೊಡುವ ಉತ್ತರವನ್ನು ಅಜ್ಜಿಯ ಹೆಸರಿನಲ್ಲಿ ಟೈಪ್ ಮಾಡುವಾಗ ನನಗೆ ಮೈಯೆಲ್ಲ ಉರಿಯಿತು.

ಪಾಪ, ಅಜ್ಜಿ ನಮ್ಮ ಆಫೀಸನ್ನೇ ಕೋರ್ಟು ಅಂದುಕೊಂಡಿದ್ದಳು. ಅಲ್ಲಿ ಕೂತಿರುವ ಹುಡುಗಿಗೆ ಎಲ್ಲಾ ಹೇಳಿದ್ದೇನೆ, ಇನ್ನು ಭಯವಿಲ್ಲ ಎಂದು ಮಗಳಿಗೆ ಫೋನಿನಲ್ಲಿ ಧೈರ್ಯ ಕೊಟ್ಟಿದ್ದಳಂತೆ. ಮಗಳ ವಕೀಲರು ಸುಮ್ಮನಿರುತ್ತಾರೆಯೇ? ಸಾಕ್ಷಿ ಹೇಳಲು ನನಗೇ ಸಮನ್ಸ್ ಬಂತು.

ಆ ದಿನ ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಕಟಕಟೆ ಹತ್ತಿದೆ. ಅಜ್ಜಿ ಏನು ಹೇಳಿದಳು ಎಂದು ಮಗಳ ವಕೀಲರು ಕೇಳುತ್ತಲೇ ನಮ್ಮ ವಕೀಲರು ಎದ್ದರು. ಕಕ್ಷಿದಾರರು ವಕೀಲರಿಗೆ ಹೇಳಿದ್ದು ಗುಟ್ಟು, ಭಾಷೆ ತಿರುಗಿಸಿದವಳೂ ಅದನ್ನು ಬಾಯಿಬಿಡುವಂತಿಲ್ಲ ಎಂದರು. ನನಗೋ ಎಲ್ಲವನ್ನೂ ಹೇಳಿಬಿಡುವ ಆಸೆ.

ನ್ಯಾಯಾಧೀಶರು ಧಾರವಾಡದ ಕಡೆಯವರು. "ಆಕಿ ಒಪ್ಪಿದ್ರ ಹೇಳಬಹುದು," ಎಂದು ಅಜ್ಜಿಯನ್ನೇ ಕೇಳಿದರು. ಅವಳು ಪಿಳಿಪಿಳಿ ನೋಡಿದಳು. "ನೀವ ತೆಲುಗಿನಾಗ ಕೇಳ್ರಿ," ಎಂದು ನನಗೆ ಹೇಳಿದರು.

"ಚೆಪ್ಪೇದಾ ಅವ್ವಾ?" ಹೇಳಲಾ ಎಂದು ಕೇಳಿದೆ. ಹೂಂ ಅನ್ನಲಿ ಎಂದು ಒಳಗೊಳಗೇ ಹರಕೆ ಹೊತ್ತೆ.

ಅಜ್ಜಿ ಮೊದಲು ಮಗಳನ್ನು ನೋಡಿದಳು, ಆಮೇಲೆ ಗಂಡುಮಕ್ಕಳನ್ನು. ಸಂಜೆ ಅವಳು ಹೋಗಬೇಕಾದದ್ದು ಅವರ ಮನೆಗೇ.

"ವದ್ದಮ್ಮಾ."

ನ್ಯಾಯಾಧೀಶರು ನನ್ನ ಮಾತಿಗಾಗಿ ಕಾಯುತ್ತಿದ್ದರು. "ಬೇಡವಂತೆ ಸ್ವಾಮಿ," ಎಂದೆ. ಮಗಳಿಗೆ ನನ್ನ ಕನ್ನಡ ಬೇಕಿರಲಿಲ್ಲ. ಅವಳು ಆಗಲೇ ಎದ್ದು ಬಾಗಿಲ ಕಡೆ ನಡೆದಿದ್ದಳು.