ಮೊಮ್ಮಗಳ ಗಂಜಿಗೆ ಆರತಿ

ನನ್ನ ಮೊಮ್ಮಗಳಿಗೆ ಎರಡು ಹಲ್ಲು ಬಂದಿವೆ. ಗೋರೆಗಾಂವಿನ ನಮ್ಮ ಬಿಲ್ಡಿಂಗಿನಲ್ಲಿ ಇದು ಗೊತ್ತಿಲ್ಲದವರು ಯಾರೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ನಾನೇ ಹೇಳಿದ್ದೇನೆ. ನಾನು ಓದಿದ್ದು ಮೂರನೇ ಇಯತ್ತೆ. ಇಂಥ ಸುದ್ದಿ ಹೇಳಲು ಅಷ್ಟು ಸಾಕು.

ಸೊಸೆ ಪರೇಲಿನ ಆಫೀಸಿಗೆ ಮರಳುವ ದಿನ ಹತ್ತಿರ ಬಂದಿತ್ತು. ಹಗಲಿಗೆ ಕೂಸನ್ನು ನನ್ನ ಹತ್ತಿರ ಬಿಡುವುದೋ, ಬೇರೆಯವರ ಮಕ್ಕಳ ಜೊತೆ ಪಾಳ್ಣಾಘರದಲ್ಲಿ ಬಿಡುವುದೋ ಎಂದು ಗಂಡ ಹೆಂಡತಿ ಮೀಟಿಂಗ್ ಮಾಡಿದರು. ನನಗೊಂದು ವಾರದ ಪರೀಕ್ಷೆ ಇಟ್ಟರು. ಕೂಸು ಕಂಕುಳಲ್ಲಿದ್ದಾಗ ಗ್ಯಾಸ್ ಹಚ್ಚಬಾರದು, ಬೆಳಿಗ್ಗೆ ಮಾಡಿಟ್ಟ ಗಂಜಿಯನ್ನು ಮೈಕ್ರೋವೇವಿನಲ್ಲೇ ಬಿಸಿ ಮಾಡಬೇಕು ಎಂದು ನಿಯಮ. ಇದೇ ಮಗನನ್ನು ನಾನು ಚಾಳಿನಲ್ಲಿ ಸೀಮೆಎಣ್ಣೆ ಸ್ಟೋವಿನ ಪಕ್ಕ ಬೆಳೆಸಿದ್ದೆ. ಅದಕ್ಕೆ ಸರ್ಟಿಫಿಕೇಟ್ ಇಲ್ಲವಲ್ಲ!

ಆ ಪೆಟ್ಟಿಗೆಯೋ ಗಂಜಿಯ ಒಂದು ಮಗ್ಗುಲನ್ನು ಕುದಿಸಿ ಇನ್ನೊಂದನ್ನು ತಣ್ಣಗೇ ಬಿಡುತ್ತಿತ್ತು. ಎಷ್ಟು ಕಲಸಿದರೂ ಎಲ್ಲೋ ಒಂದು ಬಿಸಿ ಗಂಟು ಉಳಿಯುತ್ತಿತ್ತು. ರುಚಿ ನೋಡಿದ ಸೊಸೆಯ ನಾಲಿಗೆ ಸುಟ್ಟಿತು.

“ಅತ್ತಿ, ಹಿಂಗಾದ್ರ ಹೆಂಗ? ಪಾಪೂನ ಬಾಯಿ ಸುಟ್ರ? ಪಾಳ್ಣಾಘರಕ್ಕ ಫೋನ್ ಮಾಡ್ತೀನಿ ನಾ.”

ನಾನು ಕೂಸನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡೆ.

ಮಗ ಇಂಜಿನಿಯರ್. ಮೊಬೈಲಿನಲ್ಲಿ ವಿಡಿಯೋ ನೋಡಿ, ಒಂದು ಕಪ್ ನೀರಿಟ್ಟು ಕಾಯಿಸಿ, ಬೆರಳು ಅದ್ದಿ ತೀರ್ಪು ಕೊಟ್ಟ.

“ನೀರು ಕಾದೈತಿ. ಮಶೀನ್ ಬರೋಬ್ಬರಿ ಐತಿ. ಅವ್ವಾ, ಪ್ರಾಬ್ಲೆಮ್ ನಿನ್ನ ಗಂಜೀದು.”

“ಹೌದಪ್ಪಾ, ಗಂಜೀಗೆ ವೋಲ್ಟೇಜ್ ಕಡಿಮಿ ಬಿದ್ದಿರಬೇಕು,” ಎಂದೆ.

ಸಂಜೆ ದೀಪ ಹಚ್ಚಲು ಹೋದಾಗ ದೇವರ ಮುಂದಿನ ಗಾಜಿನ ತಟ್ಟೆಗೆ ಎಣ್ಣೆ ಚೆಲ್ಲಿತ್ತು. ಬಾಣಂತನ ಮುಗಿದು ಕೂಸು ಬೆಳಗಾವಿಯಿಂದ ಬಂದಾಗ, ಜೊತೆಗೆ ಬಂದ ಸೊಸೆಯ ತಾಯಿ ನಮ್ಮ ಬಾಗಿಲಲ್ಲಿ ಇದರಲ್ಲೇ ಆರತಿ ಬೆಳಗಿದ್ದರು. “ಲಕ್ಷ್ಮಿಗೆ ಬೆಳಗಿದ್ದು, ಇದರಾಗ ಯಾರೂ ಉಣಬ್ಯಾಡ್ರಿ” ಎಂದು ದೇವರ ಮುಂದಿಟ್ಟು ಊರಿಗೆ ಹೋಗಿದ್ದರು. ತಟ್ಟೆ ಅವರ ತವರಿನದೇ ಇರಬೇಕೆಂದು ನಾವೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಇಂಜಿನಿಯರನೂ ಆಫೀಸಿಗೆ ಹೊರಡುವ ಮುಂಚೆ ಒತ್ತಿಕೊಳ್ಳುತ್ತಿದ್ದ.

ಒರೆಸಲು ತಿರುಗಿಸಿದಾಗ ಕೆಳಗೆ ಉಬ್ಬಿದ ಮೂರು ಗುಬಟುಗಳು ಕೈಗೆ ತಗುಲಿದವು. ಮೈಕ್ರೋವೇವಿನ ನಡುವೆ ಮೂರು ಕೊಂಬಿನ ಒಂದು ಗೂಟ ಬರಿದೇ ತಿರುಗುತ್ತಿದ್ದುದು ನೆನಪಾಯಿತು. ಬಟ್ಟಲು ಅದರ ಮೇಲೆ ಓಲಾಡುತ್ತದೆಂದು ನಾನೇ ದಿನವೂ ಮೂಲೆಗೆ ಸರಿಸಿಡುತ್ತಿದ್ದೆ. ತಟ್ಟೆ ತೊಳೆದು ಗೂಟದ ಮೇಲಿಟ್ಟೆ. ಸರಿಯಾಗಿ ಕೂತಿತು! ಅದು ಆ ಪೆಟ್ಟಿಗೆಯದೇ ತಟ್ಟೆ.

ಇಬ್ಬರನ್ನೂ ಕರೆದೆ. ಗಂಜಿ ಇಟ್ಟು ಗುಂಡಿ ಒತ್ತಿದೆ. ಒಳಗೆ ದೀಪ ಹತ್ತಿತು, ತಟ್ಟೆ ಸುತ್ತಿತು. ಸೊಸೆ ನಾಲ್ಕೂ ಕಡೆಯಿಂದ ರುಚಿ ನೋಡಿದಳು. ಎಲ್ಲ ಕಡೆ ಒಂದೇ ಬಿಸಿ. “ಸ್ಪಿನ್ನಿಂಗ್ ಇಂಪಾರ್ಟೆಂಟ್ ಇರ್ತೈತಿ, ನಾ ಹೇಳಾವಿದ್ದೆ” ಎಂದ ಮಗ. ಪಾಳ್ಣಾಘರದ ಮಾತು ಮತ್ತೆ ಏಳಲಿಲ್ಲ.

ಸೋಮವಾರ ಸೊಸೆ ಲೋಕಲ್ ಹಿಡಿದು ಹೋದಳು. ಮಧ್ಯಾಹ್ನ ಅವಳ ತಾಯಿಯ ವಿಡಿಯೋ ಕಾಲ್.

“ಅಯ್ಯ ಬೀಗತ್ಯಾರ, ಆರತಿ ತಟ್ಟೀನ ಮುಸರಿ ಮಾಡಿದ್ರಂತ?”

“ಮುಸರಿ ಎಲ್ಲೀದ್ರೀ? ನೀವು ಒಮ್ಮೆ ಬೆಳಗಿ ಹೋದ್ರಿ. ಈಗ ದಿನಾ ಮೂರು ಹೊತ್ತು ತಾನ ಬೆಳಗತೈತಿ. ನೋಡ್ರಿ ಇಲ್ಲೆ!”

ಫೋನನ್ನು ಮೈಕ್ರೋವೇವಿನತ್ತ ಹಿಡಿದೆ. ಕಂಕುಳಲ್ಲಿದ್ದ ನನ್ನ ಬಂಗಾರ ತಿರುಗುವ ಬಟ್ಟಲನ್ನು ನೋಡಿ ಎರಡೂ ಹಲ್ಲು ತೋರಿಸಿ ಚಪ್ಪಾಳೆ ತಟ್ಟಿತು. ಆ ಕಡೆ ಬೀಗತಿ ತಮಗರಿವಿಲ್ಲದೆ ಕೈ ಮುಗಿದಿದ್ದರು.